ಕೂಗುವ ಮೊದಲು ತಲೆಯೆತ್ತಿ ನೋಡಲಿ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ದಿದ್ದೆ. ಬಂದ ಮೇಲೆ ಪ್ರಬಂಧ ಬರೆಸಿದರೆ ಎಲ್ಲರದೂ ಒಂದೇ ಮಾತು: ಕೂಗಿದರೆ ಏಳು ಬಾರಿ ಕೇಳಿಸುತ್ತದೆ, ಸುಲ್ತಾನನ ಪ್ರೇಯಸಿ ರಂಭೆ ಮೇಲಿನಿಂದ ಹಾರಿದಳು. ಗೈಡ್ ಹೇಳಿದ್ದೂ ಅಷ್ಟೇ. ಮುಂದಿನ ಸಲ ನಾನೇನು ಹೇಳಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಮಕ್ಕಳನ್ನು ಬೈಯಬೇಡಿ ತಾಯಿ. ಪ್ರತಿಧ್ವನಿ ಕೇಳಲು ಹೋಗೋಣ ಎಂದು ಕರೆದೊಯ್ದರೆ ಅವರು ಅದನ್ನಷ್ಟೇ ಹೊತ್ತು ತರುತ್ತಾರೆ. ವಿಜಯಪುರದಲ್ಲೇ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ, ಜನ ತಲೆಯೆತ್ತಿಯೂ ನೋಡದೆ ಮೂಲೆಯ ಗೋಪುರದ ಮೆಟ್ಟಿಲಿಗೆ ಓಡುವುದನ್ನು ಕಂಡರೆ ಸಂಕಟವಾಗುತ್ತದೆ.

ಮೊದಲು ಕೆಳಗೇ ಕೂರಿಸಿ. ಒಳಗೆ ಒಂದೊಂದು ಬದಿ ಸುಮಾರು 41 ಮೀಟರ್ ಇರುವ ಚೌಕ ಅಂಗಳ, ನಡುವೆ ಒಂದೂ ಕಂಬವಿಲ್ಲ, ಮೇಲೆ ದುಂಡು ಗುಮ್ಮಟ. ಚೌಕದ ಮೇಲೆ ದುಂಡು ಹೇಗೆ ಕೂತಿತು ಎಂದು ಕೇಳಿ. ಉತ್ತರ ಹೇಳಲು ಅವಸರ ಬೇಡ. ಮೇಲೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಹೋಗುವುದು ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದನ್ನು ಓರೆಯಾಗಿ ಬರೆಯಲಿ. ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ. ನಡುವೆ ಉಳಿಯುವ ಎಂಟು ಬದಿಯ ಜಾಗ ಆಗಲೇ ದುಂಡಿಗೆ ಹತ್ತಿರ. ಕಮಾನುಗಳು ಹೀಗೆ ಒಳಕ್ಕೆ ಚಾಚಿದ್ದರಿಂದ ಗುಮ್ಮಟದ ಬುಡದಲ್ಲಿ ಸುತ್ತಲೂ ಒಂದು ಅಂಚು ಉಳಿಯಿತು. ಮಕ್ಕಳು ನಿಂತು ಕೂಗಿದ ಗ್ಯಾಲರಿ ಅದೇ!

ಇಷ್ಟು ತಿಳಿದು ಹತ್ತಿದವರು ಕೂಗಲಿ, ಬೇಡವೆನ್ನಬೇಡಿ. ಆದರೆ ಗೋಡೆಗೆ ಕಿವಿಗೊಟ್ಟು ಎದುರು ಬದಿಯ ಪಿಸುಮಾತು ಕೇಳುವ ಸೊಗಸೇ ಬೇರೆ. ಹತ್ತು ಮಂದಿ ಒಟ್ಟಿಗೆ ಚೀರಿದರೆ ಅದು ದಕ್ಕುವುದಿಲ್ಲ.

ರಂಭೆ ಹಾರಿದ್ದನ್ನು ಜನ ಹೇಳುವ ಕಥೆ ಎಂದೇ ಹೇಳಿ. ನಡುವಿನ ಕಟ್ಟೆಯ ಮೇಲೆ ಇಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿಯ ಜೊತೆ ಅವಳದೂ ಇರುವುದನ್ನು ತೋರಿಸಿ. ನಿಜವಾದ ಸಮಾಧಿಗಳು ಕೆಳಗೆ ನೆಲಮಾಳಿಗೆಯಲ್ಲಿವೆ. ಸುಲ್ತಾನ ತೀರಿಕೊಂಡದ್ದು 1656ರಲ್ಲಿ. ದಕ್ಷಿಣ ಬಾಗಿಲ ಮೇಲಿನ ಪಾರ್ಸಿ ಬರಹದಲ್ಲಿ ಮೂರು ವಾಕ್ಯಗಳಿವೆ. ಆ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ; ಯಾವ ವಾಕ್ಯದ ಅಕ್ಷರಗಳ ಬೆಲೆ ಕೂಡಿದರೂ ಹಿಜರಿ 1067, ಅಂದರೆ ಮುಸ್ಲಿಂ ಪಂಚಾಂಗದಲ್ಲಿ ಅವನು ತೀರಿಕೊಂಡ ವರ್ಷವೇ ಬರುತ್ತದೆ. ಲೆಕ್ಕದಲ್ಲಿ ಆಸಕ್ತಿಯಿರುವ ಮಕ್ಕಳು ಇದನ್ನು ಬಿಡುವುದೇ ಇಲ್ಲ.

ಗೈಡ್‌ಗೆ ಮೊದಲೇ ಒಂದು ಮಾತು ಹೇಳಿಡಿ: ಕೆಳಗೆ ಅರ್ಧ ಗಂಟೆ ಬೇಕು, ಆಮೇಲೆ ಮೆಟ್ಟಿಲು. ಕೇಳುವವರಿದ್ದಾರೆ ಎಂದು ಗೊತ್ತಾದರೆ ನಮ್ಮೂರಿನ ಗೈಡ್‌ಗಳು ಖುಷಿಯಿಂದ ಹೇಳುತ್ತಾರೆ.