ಹಳೆಯ ಉಗಿ ಟ್ರ್ಯಾಕ್ಷನ್ ಎಂಜಿನ್ ಮಾದರಿಗೆ ಮತ್ತೆ ಬೆಂಕಿ ಹಾಕಬಹುದೇ?

ಸೋದರಮಾವನವರಿಂದ ಕಾರವಾರದ ನಿಮ್ಮ ಮನೆಗೆ ಬಂದಿರುವ, ಉಗಿಯ ಬಲದಿಂದ ಓಡಿ ಭಾರ ಎಳೆಯುತ್ತಿದ್ದ ಹಳೆಯ ಗಾಡಿಯ ಎಂಟನೇ ಒಂದರಷ್ಟು ಅಳತೆಯ ಈ ಮಾದರಿ ಎಂಜಿನ್ನಿನ ಕೆಲಸ ಬಹಳ ನಾಜೂಕಾಗಿದೆ, ನೀರು ತುಂಬಿ ಬೆಂಕಿ ಹಾಕಬಹುದೇ ಎಂದು ಕೇಳಿದ್ದೀರಿ. ಕುಮಟಾದಲ್ಲಿ ಲೇತ್ ಕೆಲಸ ಮಾಡಿಕೊಂಡು ಇಂಥ ಮಾದರಿಗಳನ್ನು ಹವ್ಯಾಸಕ್ಕಾಗಿ ಸರಿಪಡಿಸುವ ನನ್ನ ಉತ್ತರ, ಸದ್ಯಕ್ಕೆ ಬೇಡ ಎಂಬುದೇ. ಹೊರಗಿನ ನಾಜೂಕು ಒಳಗಿನ ಬಾಯ್ಲರಿಗೆ ಸಾಕ್ಷಿಯಾಗಲಾರದು.

ಕಟ್ಟಿದವರು ತಿಳಿದವರೇ ಎಂಬುದನ್ನು ಮಾತ್ರ ಹೊರಗಿನಿಂದಲೇ ಊಹಿಸಬಹುದು. ಕ್ರ್ಯಾಂಕ್‌ಶಾಫ್ಟಿನ (ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ದಂಡದ) ಬೇರಿಂಗುಗಳು ಫೈರ್‌ಬಾಕ್ಸಿನ, ಅಂದರೆ ಬೆಂಕಿ ಉರಿಯುವ ಪೆಟ್ಟಿಗೆಯ, ಪಕ್ಕದ ತಗಡುಗಳನ್ನೇ ಮೇಲಕ್ಕೆ ಎತ್ತರಿಸಿದ ಭಾಗದಲ್ಲಿ ಕೂತಿದ್ದರೆ, ಅದು 1870ರಲ್ಲಿ ಇಂಗ್ಲೆಂಡಿನ ಎಂಜಿನ್ ತಯಾರಕ ಥಾಮಸ್ ಅವೆಲಿಂಗ್ ಪೇಟೆಂಟ್ ಪಡೆದ ಕ್ರಮ; ಅದಕ್ಕೂ ಮೊದಲು ಬೇರಿಂಗುಗಳನ್ನು ಬಾಯ್ಲರಿನ ಮೈಗೇ ಬೋಲ್ಟ್ ಹಾಕುತ್ತಿದ್ದುದರಿಂದ ಅವು ಸಡಿಲಗೊಂಡು ಉಗಿ ಸೋರುತ್ತಿತ್ತು. ಇಷ್ಟನ್ನು ಪುಟ್ಟ ಮಾದರಿಯಲ್ಲೂ ಪಾಲಿಸಿದವರು ಉಳಿದದ್ದನ್ನೂ ಶ್ರದ್ಧೆಯಿಂದ ಮಾಡಿರುತ್ತಾರೆಂದು ನಂಬಲು ನನಗೆ ಮನಸ್ಸಾಗುತ್ತದೆ, ಆದರೆ ನಂಬಿಕೆಯ ಮೇಲೆ ಉಗಿ ಎಬ್ಬಿಸುವಂತಿಲ್ಲ.

ಫೈರ್‌ಬಾಕ್ಸಿನ ಬಾಗಿಲು ತೆರೆದು, ಟಾರ್ಚ್ ಬಿಟ್ಟು, ಒಳಗಿನ ಬೆಸುಗೆಯನ್ನು ನೋಡಿ. ಬಾಯ್ಲರ್ ತಾಮ್ರದ್ದಾಗಿದ್ದು ಬೆಳ್ಳಿ ಬೆಸುಗೆ ಹಾಕಿದ್ದರೆ ಆ ಬೆಸುಗೆ ಕರಗಲು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ತವರ-ಸೀಸದ ಸಾಮಾನ್ಯ ಬೆಸುಗೆಯಾದರೋ ಸುಮಾರು 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಚದರ ಇಂಚಿಗೆ 80 ಪೌಂಡ್ ಒತ್ತಡದ ಉಗಿಯ ಶಾಖವೇ 162 ಡಿಗ್ರಿ ಇರುವಾಗ ಅಂಥ ಕೀಲುಗಳನ್ನು ನೆಚ್ಚಿ ಬೆಂಕಿ ಹಾಕುವುದು ಹುಚ್ಚುತನ.

ಬೆಸುಗೆ ಸರಿಯಿದ್ದರೂ ನೀರಿನ ಪರೀಕ್ಷೆ ಆಗಲೇಬೇಕು. ಸೇಫ್ಟಿ ವಾಲ್ವ್ ತೆಗೆದು ಆ ತೂತನ್ನು ಮುಚ್ಚಿ, ಒಳಗೆ ಗಾಳಿ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ನಿಧಾನವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ, ಅಂದರೆ 80ಕ್ಕೆ 120ರಂತೆ, ಏರಿಸಬೇಕು. ಹೊಸ ಬಾಯ್ಲರಿಗಾದರೆ ಎರಡು ಪಟ್ಟು ಏರಿಸುವುದು ವಾಡಿಕೆ. ನೀರು ಕುಗ್ಗುವುದಿಲ್ಲವಾದ್ದರಿಂದ ಕೀಲು ಬಿಟ್ಟರೆ ಸೋರಿ ನಿಲ್ಲುತ್ತದೆ. ಕಂಪ್ರೆಸರಿನ ಗಾಳಿಯಿಂದ ಪರೀಕ್ಷಿಸಿದರೆ ಸಿಡಿಯುತ್ತದೆ. ಇದನ್ನು ಗೊತ್ತಿರುವವರಿಂದಲೇ, ಸರಿಯೆಂದು ಖಾತ್ರಿಯಾದ ಪ್ರೆಶರ್ ಗೇಜ್ ಜೋಡಿಸಿ ಮಾಡಿಸಿ. ಸೇಫ್ಟಿ ವಾಲ್ವ್ ಅಂಟಿಕೊಂಡಿಲ್ಲವೆಂಬುದನ್ನೂ ಬೇರೆಯಾಗಿ ನೋಡಿಸಿ.

ಎಲ್ಲ ಪಾಸಾದ ಮೇಲೆ ಕಡಲಂಚಿನ ಬಾವಿಯ ಉಪ್ಪುನೀರನ್ನಂತೂ ಹಾಕಬೇಡಿ. ಓಡಿಸುವ ಜಾಗವೂ ಸಮತಟ್ಟಾಗಿರಲಿ. ಶಿರಸಿ ಕಡೆಯ ನೆಂಟರ ಮನೆಯ, ಅಡಿಕೆ ಒಣಗಿಸುವ ಅಂಗಳದಂಥದು ಸಿಕ್ಕರೆ ಉತ್ತಮ. ಈ ಎಂಜಿನ್ನುಗಳಲ್ಲಿ ಫೈರ್‌ಬಾಕ್ಸ್ ಹಿಂಬದಿಯಲ್ಲಿರುವುದರಿಂದ ಇಳಿಜಾರಿನಲ್ಲಿ ನೀರು ಮುಂದಕ್ಕೆ ಸರಿದು ಅದರ ಮೇಲ್ತಗಡು ಬರಿದಾಗುತ್ತದೆ, ಕೆಳಗೆ ಬೆಂಕಿಯಿರುವಾಗ ಆ ತಗಡು ಕೆಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಅಂದರೆ ಗೇಜ್ ಗ್ಲಾಸ್, ತೀರಾ ಸಣ್ಣದಾದ್ದರಿಂದ ನೀರು ಕೊಳವೆಗೆ ಅಂಟಿ ಸುಳ್ಳು ಮಟ್ಟವನ್ನೂ ತೋರಿಸಬಹುದು, ಆಗಾಗ ಅದರ ಕೆಳಗಿನ ನಲ್ಲಿ ಬಿಟ್ಟು ನೋಡುತ್ತಿರಬೇಕು.