ನಡೆದೇ ಹೋಗಬೇಕಾದ ಕಡಲ ಕ್ಯಾಂಪಿಗೆ ಮೊದಲು ನೀರಿನ ಲೆಕ್ಕ ಹಾಕಿ

ಇಬ್ಬರು, 2 ರಾತ್ರಿ, 5 ಕಿ.ಮೀ. ನಡಿಗೆ. ಅಲ್ಲಿ ನಲ್ಲಿ, ಕರೆಂಟು, ಟಾಯ್ಲೆಟ್ ಯಾವುದೂ ಇಲ್ಲ. ಒಬ್ಬೊಬ್ಬರಿಗೆ 18 ಕೆಜಿ ಬ್ಯಾಗ್ ಜಾಸ್ತಿ ಆಯ್ತಾ, ಟೆಂಟ್ ಮರಳ ಮೇಲೇ ಹಾಕಬಹುದಾ ಅಂತ ಕೇಳಿದ್ದೀರಿ. ಬ್ಯಾಗ್ ಖಂಡಿತ ಜಾಸ್ತಿ ಆಯ್ತು. ಆದರೆ ನನಗೆ ಭಯ ಆಗಿದ್ದು ತೂಕ ನೋಡಿ ಅಲ್ಲ. ನಿಮ್ಮ ಪಟ್ಟಿಯಲ್ಲಿ ಮಡಚೋ ಕುರ್ಚಿ ಇದೆ, ಸ್ಪೀಕರ್ ಇದೆ, ಎರಡು ಬಾಣಲೆ ಇವೆ, ನೀರು ಮಾತ್ರ ಇಬ್ಬರಿಗೂ ಸೇರಿ 4 ಲೀಟರ್!

ಕುಡಿಯೋಕೆ, ಅಡುಗೆಗೆ ಸೇರಿ ನಾನು ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿಯುತ್ತೇನೆ. ಬಿಸಿಲಿದ್ದರೆ ಅದೂ ಸಾಲದು. ನಿಮ್ಮಿಬ್ಬರಿಗೆ ಎರಡು ದಿನಕ್ಕೆ 16 ಲೀಟರ್, ಅಂದರೆ ತಲಾ 8 ಕೆಜಿ ಬರೀ ನೀರೇ. ಹಾಗಾಗಿ ಹೊರಡುವ ಮುಂಚೆ ತಿಳಿದುಕೊಳ್ಳಬೇಕಾದ್ದು ಒಂದೇ, ಹತ್ತಿರದಲ್ಲಿ ಹಳ್ಳ ಇದೆಯಾ, ಈ ತಿಂಗಳಲ್ಲಿ ಅದು ಹರಿಯುತ್ತಾ. ಇದ್ದರೆ ದಾರಿಗೆ ತಲಾ 2 ಲೀಟರ್ ಹೊತ್ತು, ಉಳಿದದ್ದನ್ನು ಅಲ್ಲಿ ಸೋಸಿ ಕುದಿಸಿಕೊಳ್ಳಿ. ಕೊತಕೊತ ಕುದಿಯೋಕೆ ಶುರುವಾದ ಮೇಲೆ 1 ನಿಮಿಷ ಬಿಟ್ಟರೆ ಸಾಕು. ಹಳ್ಳ ಸಮುದ್ರ ಸೇರುವ ಕಡೆ ತುಂಬಬೇಡಿ. ಉಬ್ಬರದಲ್ಲಿ ಉಪ್ಪುನೀರು ಒಳಗೆ ನುಗ್ಗಿರುತ್ತದೆ, ಕುದಿಸಿದರೂ ಉಪ್ಪು ಹೋಗಲ್ಲ, ಕ್ಯಾಂಪಿಂಗ್ ಫಿಲ್ಟರಿಗೂ ಉಪ್ಪು ತೆಗೆಯೋಕೆ ಬರಲ್ಲ. ಮೇಲಕ್ಕೆ ನಡೆದು ಸಿಹಿನೀರು ಸಿಗುವ ಕಡೆ ತುಂಬಿ. ಹಳ್ಳವೇ ಇಲ್ಲ ಅಂದರೆ ಮೊದಲ ಸಲ ಒಂದೇ ರಾತ್ರಿಗೆ ಹೋಗಿ ಬನ್ನಿ, ನಾಚಿಕೆ ಏನಿಲ್ಲ. ಒಟ್ಟು ತೂಕ ನಿಮ್ಮ ಮೈತೂಕದ ಐದನೇ ಒಂದು ಭಾಗದ ಆಸುಪಾಸಲ್ಲಿದ್ದರೆ ಹೆಗಲು ಬೈಯಲ್ಲ. ಪಾತ್ರೆ ತೊಳೆಯೋಕೆ ಸಮುದ್ರದ ನೀರೇ ಸಾಕು, ಕೊನೆಗೆ ಒಂದು ಲೋಟ ಸಿಹಿನೀರು ಸುತ್ತಿಸಿ ಚೆಲ್ಲಿ.

ಇನ್ನು ಟೆಂಟ್. ಅಲೆ ಕಾಣೋ ಹಾಗೆ ಮರಳ ಮೇಲೆ ಹಾಕೋ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಸಂಜೆ 5ಕ್ಕೆ ತಲುಪಿದಾಗ ಇಳಿತ, ಮೈದಾನದ ಹಾಗೆ ಮರಳು ಬಿದ್ದುಕೊಂಡಿತ್ತು. ನೀರಿಂದ ಅಷ್ಟು ದೂರ ಇದೆಯಲ್ಲ ಅಂತ ಅಲ್ಲೇ ಗೂಟ ಹೊಡೆದೆ. ರಾತ್ರಿ 11ರ ಹೊತ್ತಿಗೆ ಅಲೆಯ ಸದ್ದು ಕಿವಿ ಪಕ್ಕದಲ್ಲೇ ಕೇಳಿದಂತಾಗಿ ಎದ್ದು ಜಿಪ್ ತೆಗೆದರೆ, ಹೊರಗೆ ಬಿಟ್ಟಿದ್ದ ಒಂದು ಚಪ್ಪಲಿ ನೊರೆಯಲ್ಲಿ ತೇಲುತ್ತಿದೆ, ಇನ್ನೊಂದು ಇಲ್ಲವೇ ಇಲ್ಲ. ಅವತ್ತು ಹುಣ್ಣಿಮೆ ಬೇರೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರ ಜಾಸ್ತಿ ಅಂತ ಗೊತ್ತಿದ್ದೂ ಮಾಡಿದ ಪೆದ್ದುತನ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಉಬ್ಬರದ ವೇಳೆ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಆ ಜಾಗದ ಉಬ್ಬರದ ವೇಳೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಫೋನ್ ನಂಬಬೇಡಿ. ದಾರಿ ಬಂಡೆಗಳ ಕೆಳಗೆ ಹಾದು ಹೋಗುತ್ತಿದ್ದರೆ ನಡಿಗೆಗೂ ಇದೇ ಚೀಟಿ ಬೇಕು.

ಒಣಗಿದ ಪಾಚಿ, ಕಡ್ಡಿ, ಚಿಪ್ಪು ಗೆರೆ ಎಳೆದ ಹಾಗೆ ಬಿದ್ದಿರುತ್ತಲ್ಲ, ನೀರು ಅಲ್ಲಿವರೆಗೂ ಬಂದಿದೆ ಅಂತ ಅರ್ಥ. ಅದಕ್ಕಿಂತ ಸಾಕಷ್ಟು ಮೇಲೆ, ಗಾಳಿಗೆ ಮರೆಯಿರುವ ಗಟ್ಟಿ ನೆಲ ನೋಡಿ. ಹುಲ್ಲು ಬೆಳೆದ ಮರಳು ದಿಬ್ಬದ ಮೇಲೆ ಮಾತ್ರ ಬೇಡ, ಆ ಹುಲ್ಲು ಹೋದರೆ ದಿಬ್ಬವೇ ಹಾರಿಹೋಗುತ್ತದೆ. ಮರಳಲ್ಲೇ ಹಾಕಬೇಕಾಗಿ ಬಂದರೆ ಮಾಮೂಲಿ ಗೂಟ ನಿಲ್ಲಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಟೆಂಟಿನ ಹಗ್ಗ ಬಿಗಿದು, ಮೊಣಕೈ ಆಳಕ್ಕೆ ಹೂತು, ಮೇಲೆ ತುಳಿದು ಗಟ್ಟಿ ಮಾಡಿ. ಜೋರು ಗಾಳಿಗೂ ಸುಲಭಕ್ಕೆ ಜಗ್ಗಲ್ಲ.

ಚಳಿಗಿಂತ ತೇವದ್ದೇ ಕಾಟ ಅಲ್ಲಿ. ಮಳೆ ಇಲ್ಲದಿದ್ದರೂ ಟೆಂಟನ್ನು ಪೂರ್ತಿ ಮುಚ್ಚಿ ಮಲಗಿದರೆ ಉಸಿರಿನ ನೀರೇ ಬೆಳಗ್ಗೆ ಮೇಲಿಂದ ತೊಟ್ಟಿಕ್ಕುತ್ತದೆ. ಎರಡೂ ಕಡೆ ಸ್ವಲ್ಪ ತೆರೆದಿಡಿ. ರಾತ್ರಿ ಹಾಕಿಕೊಳ್ಳೋ ಬಟ್ಟೆ, ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಜೀನ್ಸ್ ಮನೆಯಲ್ಲೇ ಬಿಡಿ, ಒದ್ದೆಯಾದರೆ ಮನೆಗೆ ಬರೋವರೆಗೂ ಒಣಗಲ್ಲ.

ಸ್ಟೌವ್ ಟೆಂಟ್ ಒಳಗೆ ಎಷ್ಟೇ ಗಾಳಿ ಇದ್ದರೂ ಹಚ್ಚಬೇಡಿ, ವಿಷಗಾಳಿ ತುಂಬಿದ್ದು ಗೊತ್ತೇ ಆಗಲ್ಲ. ಬೆಂಕಿ ಹಾಕಲು ಅನುಮತಿ ಇದ್ದರೆ ಕೆಂಡವನ್ನು ಮರಳಿನಿಂದ ಮುಚ್ಚಿ ಎದ್ದು ಬರಬೇಡಿ, ಗಂಟೆಗಟ್ಟಲೆ ಒಳಗೇ ಸುಡುತ್ತಿರುತ್ತದೆ, ಬರಿಗಾಲಲ್ಲಿ ಬಂದವರ ಗತಿ ಏನು? ಮುಟ್ಟಿದರೆ ತಣ್ಣಗಿರೋವರೆಗೂ ನೀರು ಸುರಿಯಿರಿ, ಪಕ್ಕದಲ್ಲೇ ಸಮುದ್ರ ಇದೆಯಲ್ಲ.

ಟಾಯ್ಲೆಟ್ಟಿಗೆ ಸಣ್ಣ ಸನಿಕೆ ಒಯ್ಯಿರಿ. ಹಳ್ಳ, ದಾರಿ, ಟೆಂಟಿನಿಂದ 60 ಮೀಟರ್ ಆಚೆ 15-20 ಸೆಂ.ಮೀ. ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚಿ. ಕಾಗದ ವಾಪಸ್ ತನ್ನಿ. ಕೆಲವು ಕಡೆ ಎಲ್ಲವನ್ನೂ ಹೊತ್ತು ತರಬೇಕು ಅನ್ನೋ ನಿಯಮ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಊಟದ ಸಾಮಾನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ, ಟೆಂಟ್ ಒಳಗೆ ಬೇಡ. ಒಂದು ಬಿಸ್ಕತ್ತಿಗೋಸ್ಕರ ಇಲಿ ಟೆಂಟನ್ನೇ ತೂತು ಮಾಡುತ್ತದೆ.

ಹಳ್ಳದ ವಿಷಯ ತಿಳಿದ ಮೇಲೆ ಇಲ್ಲೇ ಬರೆಯಿರಿ, ಆಮೇಲೆ ಪಟ್ಟಿಗೆ ಕತ್ತರಿ ಹಾಕೋಣ. ಕುರ್ಚಿ ಮಾತ್ರ ಈಗಲೇ ತೆಗೆದುಬಿಡಿ.