ಎಕೋ ಚೆನ್ನಾಗಿದೆ, ಅಪ್ಪಾಜಿ ಮಾತ್ರ ಚೆನ್ನಾಗಿಲ್ಲ

ಪ್ರಶ್ನೆ: ನಮ್ಮ ಅಪ್ಪಾಜಿಗೆ 61 ವರ್ಷ. ದೀಪಾವಳಿ ಹೊತ್ತಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದೆವು. ಈಗ ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದೆ ಅಂತಾರೆ. ಆದರೆ ತೊಗರಿ ರಾಶಿ ಮಾಡುವಾಗಲೂ ಹೊಲಕ್ಕೆ ಬರಲಿಲ್ಲ. ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಾರೆ, ನಸುಕಿಗೆ ಮೂರಕ್ಕೇ ಎದ್ದು ಕೂರುತ್ತಾರೆ. ಮಾತ್ರೆ ಕೊಟ್ಟರೆ ‘ಇನ್ನ ಎಷ್ಟ್ ದಿನಾ ಇದು’ ಅಂತಾರೆ. ಎರಡು ತಿಂಗಳಿಂದ ಹೀಗೇ. ‘ಅಟ್ಯಾಕ್ ಆದವರೆಲ್ಲಾ ಹಿಂಗೇ’ ಅಂತಾಳೆ ಅಮ್ಮ. ಹೌದಾ ಡಾಕ್ಟ್ರೇ?
– ಮಗಳು, ಆಳಂದ ತಾಲ್ಲೂಕು

ಉತ್ತರ: ಇಲ್ಲಮ್ಮ. ಮೊದಮೊದಲು ಹೆದರಿಕೆ, ಅಳು ಎಲ್ಲಾ ಇರುತ್ತೆ. ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ಅದು ಖಿನ್ನತೆ ಇರಬಹುದು. ಹಾರ್ಟ್ ಅಟ್ಯಾಕ್ ಆದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇದು ಬರುತ್ತದೆ.

ಎಕೋ ನೋಡಿ ನಾವು ಡಾಕ್ಟರುಗಳೂ ಖುಷಿಯಾಗಿಬಿಡುತ್ತೇವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಸಾವಿರಕ್ಕೂ ಜಾಸ್ತಿ ಹೃದ್ರೋಗಿಗಳನ್ನು ಪರೀಕ್ಷಿಸಿ 2003ರಲ್ಲಿ ಒಂದು ವರದಿ ಬಂತು: ‘ನಿಮ್ಮ ಬದುಕು ಹೇಗಿದೆ’ ಅಂದಾಗ ಅವರು ಕೊಟ್ಟ ಉತ್ತರಕ್ಕೂ ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅನ್ನುವ ಲೆಕ್ಕಕ್ಕೂ ಹೆಚ್ಚು ನಂಟೇ ಇರಲಿಲ್ಲ, ನಂಟಿದ್ದದ್ದು ಖಿನ್ನತೆಗೆ. ಮನಸ್ಸು ಕುಗ್ಗಿದವರಿಗೆ ಎದೆನೋವು ಜಾಸ್ತಿ ಕಾಡುತ್ತದೆ, ನಾಲ್ಕು ಹೆಜ್ಜೆಗೇ ಸುಸ್ತು. ಮಾತ್ರೆಯನ್ನೂ ತಪ್ಪಿಸುತ್ತಾರೆ. ನನಗೆ ಜಾಸ್ತಿ ಭಯ ಇದರದ್ದೇ, ಯಾಕಂದರೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಮಾತ್ರೆ ತಮಗೆ ತಾವೇ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಮೊದಲು ಹಾರ್ಟ್ ಡಾಕ್ಟರಿಗೇ ಇದನ್ನೆಲ್ಲ ಹೇಳಿ. ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್‌ನಂಥ ಮಾತ್ರೆಯಿಂದಲೂ ಸುಸ್ತು ಬರುತ್ತೆ, ಥೈರಾಯ್ಡ್, ರಕ್ತ ಕಡಿಮೆ ಇದ್ದರೂ ಹೀಗಾಗುತ್ತೆ. ಆಮೇಲೆ ಮಾನಸಿಕ ತಜ್ಞರು. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು. ‘ತಲೆಕೆಟ್ಟವರ ಡಾಕ್ಟರ್’ ಅಂತ ಅಪ್ಪಾಜಿ ಸಿಟ್ಟಾದರೆ ‘ನಿದ್ದೆಗೆ ತೋರಿಸೋಣ’ ಅನ್ನಿ, ಸುಳ್ಳೇನೂ ಅಲ್ಲವಲ್ಲ.

ಖಿನ್ನತೆಯ ಮಾತ್ರೆ ಹೃದಯಕ್ಕೆ ಕೆಟ್ಟದ್ದು ಅನ್ನುವ ಭಯ ಎಲ್ಲರಿಗೂ. ಹಳೆಯ ಅಮಿಟ್ರಿಪ್ಟಿಲಿನ್ ಜಾತಿಯವು ಇವರಿಗೆ ಸಾಮಾನ್ಯವಾಗಿ ಬೇಡ, ನಿಜ. ಸರ್ಟ್ರಲಿನ್ ಅನ್ನುವ ಇನ್ನೊಂದು ಮಾತ್ರೆಯನ್ನು ಅಟ್ಯಾಕ್ ಆದವರಲ್ಲೇ ಪರೀಕ್ಷಿಸಿ ನೋಡಿದ್ದಾರೆ, ಹೃದಯಕ್ಕೆ ತೊಂದರೆ ಕಂಡಿಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಾಗಿ ಇಬ್ಬರು ಡಾಕ್ಟರಿಗೂ ಎಲ್ಲಾ ಚೀಟಿ ತೋರಿಸಿ, ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರಬೇಡಿ. ಗುಣ ಕಾಣಲು ಕೆಲವು ವಾರ ಬೇಕು. ಇದರಿಂದ ಇನ್ನೊಂದು ಅಟ್ಯಾಕ್ ತಪ್ಪೇ ತಪ್ಪುತ್ತದೆ ಅಂತ ನಾನು ಹೇಳಲಾರೆ, ಆದರೆ ಊಟ, ನಿದ್ದೆ, ಓಡಾಟ ಸುಧಾರಿಸಿದರೆ ಅದೇನು ಕಡಿಮೆಯೇ?

ಡಾಕ್ಟರ್ ಒಪ್ಪಿದರೆ ಬೆಳಗ್ಗೆ ಬಿಸಿಲೇರುವ ಮುಂಚೆ ನೀವೂ ಜೊತೆಗೆ ಹೋಗಿ ನಡೆಸಿ. ‘ಧೈರ್ಯ ತಗೋರಿ’ ಅನ್ನುವುದಕ್ಕಿಂತ ಅದೇ ವಾಸಿ. ಮತ್ತೆ ‘ಎಷ್ಟ್ ದಿನಾ’ ಅಂದಾಗ ಮಾತು ಮರೆಸಬೇಡಿ. ‘ಸಾಯಬೇಕು ಅನಿಸ್ತದೇನ್ರೀ ಅಪ್ಪಾಜಿ’ ಅಂತ ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.